ಗಾಲಿಯ ಮೇಲಿನ ಮನೆ: ಹೇಳಿ ಮಾಡಿಸುವುದೋ, ತಂದು ಕಟ್ಟಿಸುವುದೋ?

ಬೇಸಿಗೆ ರಜೆ ಶುರುವಾಯಿತೆಂದರೆ ಕವಲಂದೆ, ನಂಜನಗೂಡು, ತಿ. ನರಸೀಪುರದ ಕಡೆಯ ಊರುಗಳಲ್ಲಿ ಬೆಳಗಿನ ಜಾವ ಒಂದು ನೋಟ ಕಾಣಸಿಗುತ್ತದೆ. ಮನೆಯ ಮುಂದೆ ಬಾಡಿಗೆಗೆ ಗೊತ್ತು ಮಾಡಿದ ಟೆಂಪೋ ಟ್ರಾವೆಲರ್ ನಿಂತಿರುತ್ತದೆ. ಛಾವಣಿಯ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ, ದೊಡ್ಡ ಪಾತ್ರೆಗಳು, ಚಾಪೆಯ ಸುರುಳಿಗಳು. ಹಿಂದಿನ ಸೀಟಿನ ಕೆಳಗೆ ಗ್ಯಾಸ್ ಸಿಲಿಂಡರ್, ಒಲೆ. ನಡುವಿನ ಓಣಿಯಲ್ಲಿ ನೀರಿನ ಕ್ಯಾನುಗಳು. ಮಕ್ಕಳು ಕಿಟಕಿ ಸೀಟಿಗೆ ಜಗಳವಾಡುತ್ತಿರುವಾಗಲೇ ಗಾಡಿ ಹೊರಡುತ್ತದೆ. ಕೆಲವರಿಗೆ ಮಲೆ ಮಹದೇಶ್ವರ ಬೆಟ್ಟ, ಕೆಲವರಿಗೆ ಧರ್ಮಸ್ಥಳ, ತಿರುಪತಿ, ಮತ್ತೆ ಕೆಲವರಿಗೆ ದೂರದ ನಾಗೂರು ದರ್ಗಾ. ದಾರಿಯಲ್ಲಿ ಹೊಂಗೆ ಮರದ ನೆರಳು ಸಿಕ್ಕಲ್ಲಿ ಒಲೆ ಹಚ್ಚಿ ಅಡುಗೆ, ಊಟ, ಸಣ್ಣ ನಿದ್ದೆ.

ಅಮೆರಿಕ, ಯೂರೋಪುಗಳಲ್ಲಿ ಇದೇ ಕೆಲಸಕ್ಕೆಂದು ಕಟ್ಟಿದ ವಾಹನಕ್ಕೆ ಮೋಟಾರ್ ಹೋಂ ಎನ್ನುತ್ತಾರೆ. ನಮ್ಮಲ್ಲಿ ಕ್ಯಾರವಾನ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಕುಳಿತುಕೊಳ್ಳಲು ಸೀಟು ಮತ್ತು ಮೇಜು, ಮಲಗಲು ಜಾಗ, ಅಡುಗೆಯ ಕಟ್ಟೆ, ಸಾಮಾನು ಇಡುವ ಕಪಾಟು, ಇವಿಷ್ಟೂ ವಾಹನಕ್ಕೆ ಭದ್ರವಾಗಿ ಕೂಡಿಸಲ್ಪಟ್ಟಿದ್ದರೆ ಅದು ಕ್ಯಾರವಾನ್. ನೆರೆಯ ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಮರುವರ್ಷ ಮಹೀಂದ್ರ ಕಂಪನಿಯು ಮದ್ರಾಸ್ ಐಐಟಿಯ ಆಸರೆಯಲ್ಲಿ ಬೆಳೆದ ಒಂದು ಸಂಸ್ಥೆಯ ಜೊತೆ ಸೇರಿ ಬೊಲೆರೊ ಪಿಕಪ್ ಗಾಡಿಯ ಮೇಲೆ ಕ್ಯಾರವಾನ್ ಕಟ್ಟಿಸುವುದಾಗಿ ಘೋಷಿಸಿತು. ಹೀಗಾಗಿ, ಪ್ರತಿ ಸಲ ಬಾಡಿಗೆ ಕೊಡುವ ಬದಲು ನಮ್ಮದೇ ಒಂದು ಗಾಡಿ ಏಕಿರಬಾರದು ಎಂಬ ಆಲೋಚನೆ ಮಧ್ಯಮ ವರ್ಗದ ಮನೆಗಳಿಗೂ ಇಣುಕತೊಡಗಿದೆ.

ಆಲೋಚನೆ ಬಂದ ಮರುಕ್ಷಣವೇ ಪ್ರಶ್ನೆಯೊಂದು ಎದುರಾಗುತ್ತದೆ. ಕವಲಂದೆಯ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಅಪ್ಪ, ಅಮ್ಮ, ಅಜ್ಜಿ, ಹತ್ತನೇ ತರಗತಿಯ ಮಗಳು, ಐದನೆಯ ತರಗತಿಯ ಮಗ. ಅಪ್ಪ ಮೈಸೂರಿನ ಶೋರೂಮಿಗೆ ಹೋಗಿ ವಿಚಾರಿಸುತ್ತಾರೆ. ಅಲ್ಲಿ ಸಿಗುವ ಉತ್ತರವನ್ನು ಯಾರಾದರೂ ಊಹಿಸಬಹುದು: “ಖಾಲಿ ವ್ಯಾನ್ ತಗೊಳ್ಳಿ ಸಾರ್. ಮಂಚ, ಕಪಾಟು, ಏಸಿ, ವೈರಿಂಗು ಎಲ್ಲಾನೂ ನಮ್ಮ ಕಡೆಯವರೇ ಹದಿನೈದು ದಿವಸದಲ್ಲಿ ಮಾಡಿಕೊಡ್ತಾರೆ.” ಇನ್ನೊಂದು ದಾರಿಯೂ ಉಂಟು. ಏನೇನು ಬೇಕೆಂದು ಮೊದಲೇ ಪಟ್ಟಿ ಮಾಡಿ, ಪರೀಕ್ಷೆಯಾಗಿ ಮಂಜೂರಾದ ಮಾದರಿಯನ್ನು ತಯಾರಿಸುವ ಕಾರ್ಖಾನೆಗೆ ಆರ್ಡರ್ ಕೊಟ್ಟು, ತಿಂಗಳುಗಟ್ಟಲೆ ಕಾಯುವುದು. ಅಪ್ಪ ಮನೆಗೆ ಬಂದು ಎರಡನ್ನೂ ಹೇಳಿದಾಗ ಮಗಳು ಕೇಳುತ್ತಾಳೆ: “ಅಪ್ಪಾಜಿ, ಅಷ್ಟೆಲ್ಲ ಸಾಮಾನು ತುಂಬಿದ ಮೇಲೆ ನಾವು ಐದು ಜನ ಹತ್ತೋದಕ್ಕೆ ಗಾಡಿಯಲ್ಲಿ ತಾಕತ್ತು ಉಳಿದಿರುತ್ತಾ?”

ಶೋರೂಮಿನಲ್ಲಿ ಯಾರೂ ಎತ್ತದ ಪ್ರಶ್ನೆ ಅದು. ಉಳಿದ ಲೆಕ್ಕಗಳೆಲ್ಲ ಶುರುವಾಗುವುದು ಅಲ್ಲಿಂದಲೇ.

ಅರಸರ ಕಾಲದಿಂದ ಬಂದ ಪದ್ಧತಿ

ಚಾಸಿಯನ್ನು ಒಂದು ಕಡೆ ಕೊಂಡು ಬಾಡಿಯನ್ನು ಇನ್ನೊಂದು ಕಡೆ ಕಟ್ಟಿಸುವುದು ಕೀಳು ಪದ್ಧತಿಯೇನಲ್ಲ. ಎರಡನೇ ಮಹಾಯುದ್ಧಕ್ಕೆ ಮೊದಲು ರೋಲ್ಸ್ ರಾಯ್ಸ್ ಕಂಪನಿ ಇಂಜಿನ್ನು ಕೂಡಿಸಿದ ಚಾಸಿಯನ್ನಷ್ಟೇ ಮಾರುತ್ತಿತ್ತು. ಕೊಂಡವರು ಹೂಪರ್, ಬಾರ್ಕರ್ ಮುಂತಾದ ಗಾಡಿ ಕಟ್ಟುವ ಮನೆತನದವರ ಬಳಿ ತಮಗೆ ಬೇಕಾದಂತೆ ಬಾಡಿ ಕಟ್ಟಿಸಿಕೊಳ್ಳುತ್ತಿದ್ದರು. ಭಾರತದ ಅರಸರ ಕಾರುಗಳು ಒಂದಕ್ಕಿಂತ ಒಂದು ಭಿನ್ನವಾಗಿದ್ದುದಕ್ಕೆ ಇದೇ ಕಾರಣ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋದ ಮಕ್ಕಳು ಅಲ್ಲಿ ಮಹಾರಾಣಿಯವರ ಸಲೂನ್ ಬೋಗಿಯನ್ನು ನೋಡಿರಬಹುದು. 1899ರದೆಂದು ಹೇಳುವ ಆ ಬೋಗಿಯಲ್ಲಿ ಅಡುಗೆಮನೆ, ಊಟದ ಕೋಣೆ, ಶೌಚಾಲಯ ಎಲ್ಲವೂ ಇವೆ. ಗಾಲಿಯ ಮೇಲಿನ ಮನೆ ನಮ್ಮ ಜಿಲ್ಲೆಗೆ ಹೊಸದಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ಸರ್ಕಾರಿ ಬಸ್ಸುಗಳೂ ಬಹುಕಾಲ ಹೀಗೆಯೇ ಹುಟ್ಟಿದವು. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯಾಗಿ ಶುರುವಾಗಿ 1961ರಲ್ಲಿ ನಿಗಮವಾದ ಸಂಸ್ಥೆ, ಕಂಪನಿಗಳಿಂದ ಚಾಸಿ ತರಿಸಿ ಕೆಂಗೇರಿ, ಹಾಸನದ ತನ್ನ ಕಾರ್ಯಾಗಾರಗಳಲ್ಲಿ ಬಾಡಿ ಕಟ್ಟಿಸಿತು. ಅಲ್ಲಿನ ಕುಶಲಕರ್ಮಿಗಳ ಕೈಚಳಕವನ್ನು ಅಲ್ಲಗಳೆಯುವಂತಿಲ್ಲ. 2020ರಲ್ಲಿ ಅದೇ ನಿಗಮ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿ ಪರಿವರ್ತಿಸಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತು. ಕೊರೋನಾ ಎರಡನೇ ಅಲೆಯ ವೇಳೆ, 2021ರಲ್ಲಿ, ಬಸ್ಸನ್ನೇ ತುರ್ತು ಚಿಕಿತ್ಸಾ ಘಟಕವನ್ನಾಗಿ ಮಾಡಿತು. ಹಾಗಾದರೆ ವ್ಯಾನಿಗೆ ಮಂಚ ಹಾಕಿಸುವುದರಲ್ಲಿ ತಪ್ಪೇನು?

ತಪ್ಪು ಸುತ್ತಿಗೆ ಹಿಡಿದವನದಲ್ಲ. ಒಂದು ನಿಗಮದ ಕಾರ್ಯಾಗಾರದಲ್ಲಿ ನಕ್ಷೆ ಇರುತ್ತದೆ, ಇಂಜಿನಿಯರ್ ಇರುತ್ತಾನೆ, ಚಾಸಿ ತಯಾರಕರು ಕೊಟ್ಟ ಮಿತಿಗಳ ಪುಸ್ತಕ ಇರುತ್ತದೆ. ಹದಿನೈದು ದಿನದ ಶೆಡ್ಡಿನಲ್ಲಿ ಸಾಮಾನ್ಯವಾಗಿ ಇರುವುದು ಮೇಸ್ತ್ರಿಯ ಅನುಭವ ಮತ್ತು ಗಿರಾಕಿಯ ಆತುರ. ಇನ್ನೊಂದು ಅಂತರವನ್ನೂ ಮರೆಯಬಾರದು. ಮೆಜೆಸ್ಟಿಕ್‌ನ ಶೌಚಾಲಯ ಬಸ್ಸು ನಿಂತಲ್ಲೇ ನಿಲ್ಲುವಂಥದ್ದು. ಕವಲಂದೆಯ ಕುಟುಂಬದ ಗಾಡಿ ಬೆಟ್ಟದ ತಿರುವುಗಳನ್ನು ಇಳಿಯಬೇಕು.

ಎತ್ತಿನ ಗಾಡಿಯ ಪಾಠ

ಹುಲ್ಲು ಹೇರುವ ರೈತನಿಗೆ ಸನ್ನೆಕೋಲಿನ ನಿಯಮವನ್ನು ಯಾರೂ ಕಲಿಸಬೇಕಿಲ್ಲ. ಹೊರೆ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲಕ್ಕೆದ್ದು ನೊಗ ಎತ್ತುಗಳ ಕೊರಳನ್ನು ಹಿಡಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಅದಕ್ಕೇ ಆತ ಅಚ್ಚಿನ ಮೇಲೆ ತೂಕ ಕೂರುವಂತೆ ಹೇರುತ್ತಾನೆ. ವ್ಯಾನಿನ ಕಥೆಯೂ ಇದೇ. ಎತ್ತಿನ ಜಾಗದಲ್ಲಿ ಇಲ್ಲಿ ಮುಂದಿನ ಚಕ್ರಗಳಿವೆ.

ಲೆಕ್ಕ ಹಾಕಿ ನೋಡೋಣ. ಒಂದು ವ್ಯಾನಿನ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ 3.5 ಮೀಟರ್ ಅಂತರ ಎಂದಿಟ್ಟುಕೊಳ್ಳಿ. ಹಿಂದಿನ ಅಚ್ಚಿನಿಂದ 1.2 ಮೀಟರ್ ಆಚೆಗೆ, ಅಂದರೆ ಹಿಂಬಾಗಿಲ ಪಕ್ಕದಲ್ಲಿ, 200 ಕೆ.ಜಿ.ಯ ಕಪಾಟು ಮತ್ತು ಬ್ಯಾಟರಿಗಳನ್ನು ಇಟ್ಟರೆ ಏನಾಗುತ್ತದೆ? 200ನ್ನು 1.2ರಿಂದ ಗುಣಿಸಿ 3.5ರಿಂದ ಭಾಗಿಸಿದರೆ ಸುಮಾರು 69 ಬರುತ್ತದೆ. ಮುಂದಿನ ಚಕ್ರಗಳ ಮೇಲಿನ ಭಾರ 69 ಕೆ.ಜಿ. ಕಡಿಮೆಯಾಗುತ್ತದೆ, ಹಿಂದಿನ ಅಚ್ಚಿನ ಮೇಲೆ 200ಕ್ಕೆ ಬದಲು 269 ಕೆ.ಜಿ. ಬೀಳುತ್ತದೆ. ಸ್ಟೀರಿಂಗ್ ಹಿಡಿತ ಇರುವುದು ಮುಂದಿನ ಚಕ್ರಗಳಲ್ಲಿ. ಬ್ರೇಕಿನ ಬಲದಲ್ಲೂ ದೊಡ್ಡ ಪಾಲು ಅವುಗಳದ್ದೇ. ಆ ಚಕ್ರಗಳು ಹಗುರಾದಷ್ಟೂ ಮಳೆಯ ರಸ್ತೆಯಲ್ಲಿ ಗಾಡಿ ಮಾತು ಕೇಳುವುದು ಕಡಿಮೆ.

ಇನ್ನು ಒಟ್ಟು ತೂಕ. ಪ್ರತಿ ವಾಹನಕ್ಕೂ ತಯಾರಕರು ಗರಿಷ್ಠ ಒಟ್ಟು ತೂಕವೊಂದನ್ನು ನಿಗದಿ ಮಾಡಿರುತ್ತಾರೆ. ಗಾಡಿಯ ಸ್ವಂತ ತೂಕ, ಜನ, ಸಾಮಾನು ಎಲ್ಲವೂ ಅದರೊಳಗೆ ಇರಬೇಕು. ನಮ್ಮ ಊಹೆಯ ವ್ಯಾನಿನ ಮಿತಿ 3500 ಕೆ.ಜಿ., ಸೀಟುಗಳನ್ನು ತೆಗೆದ ಮೇಲೆ ಖಾಲಿ ತೂಕ 2450 ಎಂದುಕೊಂಡರೆ ಕೈಯಲ್ಲಿ ಉಳಿಯುವುದು 1050. ಬಹಳ ಎಂದು ತೋರುತ್ತದೆ, ಅಲ್ಲವೆ? ಐದು ಜನ ಹತ್ತಿದರೆ 280 ಹೋಯಿತು. ಹದಿನೆಂಟು ಮಿಲಿಮೀಟರ್ ದಪ್ಪದ, ಎಂಟಡಿ-ನಾಲ್ಕಡಿಯ ಒಂದು ಪ್ಲೈವುಡ್ ಹಾಳೆ ಸುಮಾರು 35 ಕೆ.ಜಿ. ತೂಗುತ್ತದೆ. ಮಂಚ, ಕಪಾಟು, ಅಡುಗೆ ಕಟ್ಟೆಗೆ ಎಂಟು ಹಾಳೆ ಹಿಡಿದರೂ 280. ನೀರು 120 ಲೀಟರ್ ಎಂದರೆ 120 ಕೆ.ಜಿ. ಇನ್ವರ್ಟರಿಗೆ ಹಾಕುವಂಥ ಎರಡು ಸೀಸದ ಬ್ಯಾಟರಿಗಳು 95ರ ಹತ್ತಿರ. ತುಂಬಿದ ಮನೆ ಸಿಲಿಂಡರ್ 30. ಏಸಿ ಮತ್ತು ಫ್ರಿಜ್ 80. ಹಾಸಿಗೆ, ಪಾತ್ರೆ, ಬಟ್ಟೆ, ಅಕ್ಕಿ-ಬೇಳೆ 100. ಕೂಡಿದರೆ 985. ಉಳಿದದ್ದು ಬರೀ 65 ಕೆ.ಜಿ. ಇದರಲ್ಲಿ ಕಬ್ಬಿಣದ ಆಂಗಲ್‌ಗಳ ಲೆಕ್ಕ ಬಂದಿಲ್ಲ, ಛಾವಣಿಯ ಕ್ಯಾರಿಯರ್ ಬಂದಿಲ್ಲ, ತಿರುಪತಿಯಿಂದ ಬರುವಾಗಿನ ಖರೀದಿ ಬಂದಿಲ್ಲ!

ಕಾರ್ಖಾನೆಗೆ ಆರ್ಡರ್ ಕೊಟ್ಟರೆ ಈ ಲೆಕ್ಕವನ್ನು ಯಾರೋ ಒಬ್ಬರು ಕಾಗದದ ಮೇಲೆ ಮೊದಲೇ ಮಾಡಿರುತ್ತಾರೆ. ಪ್ಲೈವುಡ್ ಬದಲು ಹಗುರವಾದ ಹಲಗೆ ಬಳಸುತ್ತಾರೆ, ಟ್ಯಾಂಕನ್ನು ಎರಡು ಅಚ್ಚುಗಳ ನಡುವೆ ಕೂರಿಸುತ್ತಾರೆ, ನೀರು ಅತ್ತಿತ್ತ ತುಳುಕದಂತೆ ಒಳಗೆ ಅಡ್ಡಗೋಡೆ ಇಡುತ್ತಾರೆ. ಶೆಡ್ಡಿನಲ್ಲಿ ಗಟ್ಟಿ ಎಂದರೆ ದಪ್ಪ ಎಂದೇ ಅರ್ಥ. ಮನೆಗೆ ಅದು ಸರಿ. ಗಾಡಿಯಲ್ಲಿ ಪ್ರತಿ ಕಿಲೋವನ್ನೂ ಬ್ರೇಕು ನಿಲ್ಲಿಸಬೇಕು.

ಇಲ್ಲಿ ಒಂದು ಮಾತು. ಮೊದಲು ಕಟ್ಟಿದ್ದಕ್ಕೆ ಆಮೇಲೆ ಹೆಚ್ಚಿನ ಹೊರೆ ಹೊರಿಸಲೇಬಾರದು ಎಂದೇನಿಲ್ಲ. ನಂಜನಗೂಡಿನಲ್ಲಿ ಕಪಿಲೆಯ ಮೇಲಿರುವ ಹಳೆಯ ಕಲ್ಲಿನ ಸೇತುವೆ 1735ರದು. ಜನರಿಗೆ, ಗಾಡಿಗಳಿಗೆಂದು ಕಟ್ಟಿದ ಅದರ ಮೇಲೆ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ರೈಲು ಹಳಿಯನ್ನೂ ಹಾಸಿದರು; ಬ್ರಾಡ್‌ಗೇಜ್ ಬರುವವರೆಗೂ ರೈಲು, ರಸ್ತೆ ಎರಡೂ ಅದರ ಮೇಲೆಯೇ ನಡೆದವು. ಕಲ್ಲಿನ ಕಮಾನಿನ ಸ್ವಂತ ಭಾರವೇ ಅಗಾಧ. ಮೇಲೆ ಹಾಯುವ ಸಣ್ಣ ರೈಲಿನ ತೂಕ ಅದಕ್ಕೆ ಹೋಲಿಸಿದರೆ ಅಲ್ಪ. ಇಂದಿನ ವ್ಯಾನುಗಳಲ್ಲಿ ಅಂಥ ಉಳಿಕೆ ಶಕ್ತಿ ಇರುವುದಿಲ್ಲ. ಇಂಧನ ಉಳಿಸಲೆಂದು ಅವುಗಳ ಪ್ರತಿ ತಗಡನ್ನೂ ಅಳೆದು ತೆಳ್ಳಗೆ ಮಾಡಿರುತ್ತಾರೆ.

ಗೋಡೆಯೊಳಗಿನ ತಂತಿ

ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವ ವಿಷಯ: ಮೋಲ್ಡ್ ಹಾಕುವ ಮುನ್ನವೇ ಎಲೆಕ್ಟ್ರಿಷಿಯನ್ ಬಂದು ಪೈಪು ಹಾಕಿ ಹೋಗಬೇಕು. ಮರೆತರೆ, ಬಣ್ಣ ಹೊಡೆದ ಗೋಡೆಯನ್ನು ಉಳಿಯಲ್ಲಿ ಕೊರೆಯಬೇಕಾಗುತ್ತದೆ. ಹೊಸ ವಾಹನಕ್ಕೆ ಕಾರ್ಖಾನೆಯಲ್ಲಿ ಏನನ್ನು ಹೇಳಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ. ಗೋಡೆಯ ಹಲಗೆ ಮುಚ್ಚುವ ಮುನ್ನ ಹೋಗಬೇಕಾದ ತಂತಿ, ಕೊಳವೆ, ಛಾವಣಿಯ ರಂಧ್ರ, ಇವುಗಳನ್ನು ಆಮೇಲೆ ಮಾಡಿಸುವುದು ಎಂದರೆ ಕೊರೆಯುವುದು ಎಂದೇ ಅರ್ಥ. ಅಮೆರಿಕದಲ್ಲಿ ಸೋಲಾರ್ ಹಲಗೆಯನ್ನು ಈಗಲೇ ಕೊಳ್ಳದವರೂ ಅದಕ್ಕೆ ಬೇಕಾದ ತಂತಿಯನ್ನು ಮಾತ್ರ ಕಾರ್ಖಾನೆಯಲ್ಲೇ ಎಳೆಸಿಕೊಂಡಿರುತ್ತಾರೆ. ಜಾಣತನದ ಕೆಲಸ ಅದು.

ತಂತಿಯ ದಪ್ಪದ ವಿಚಾರವಂತೂ ಹತ್ತನೇ ತರಗತಿಯ ಮಗಳೇ ಬಿಡಿಸಬಲ್ಲ ಲೆಕ್ಕ. ಅಮ್ಮನ ಮಿಕ್ಸಿಗೆ 500 ವಾಟ್ ಬೇಕು. ಮನೆಯಲ್ಲಿ 230 ವೋಲ್ಟ್ ಇರುವುದರಿಂದ ಎರಡು ಆಂಪಿಯರ್ ಚಿಲ್ಲರೆ ಹರಿದರೆ ಸಾಕು. ಗಾಡಿಯ ಬ್ಯಾಟರಿ 12 ವೋಲ್ಟಿನದು. ಅದೇ 500 ವಾಟ್ ಕೊಡಲು ಬ್ಯಾಟರಿಯಿಂದ ಇನ್ವರ್ಟರಿಗೆ ಸುಮಾರು 42 ಆಂಪಿಯರ್ ಹರಿಯಬೇಕು. ಮೇಸ್ತ್ರಿಯ ಬಳಿ ಉಳಿದಿದ್ದ, ಮನೆಯ ದೀಪಕ್ಕೆ ಹಾಕುವ 1.5 ಚದರ ಮಿಲಿಮೀಟರ್ ತಂತಿಯನ್ನೇ ಐದು ಮೀಟರ್ ದೂರಕ್ಕೆ ಎಳೆದ ಎಂದುಕೊಳ್ಳಿ. ಹೋಗಿ ಬರಲು ಹತ್ತು ಮೀಟರ್. ಅದರ ರೋಧ ಸುಮಾರು 0.12 ಓಮ್. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ 200 ವಾಟ್‌ಗೂ ಹೆಚ್ಚು ಶಾಖ! ಪ್ರಯೋಗಶಾಲೆಯ 25 ವಾಟ್‌ನ ಬೆಸುಗೆ ಕಡ್ಡಿಗಳನ್ನು ಎಂಟು ಸಾಲಾಗಿ ಪ್ಲೈವುಡ್ಡಿನ ಹಿಂದೆ ಹಚ್ಚಿಟ್ಟಂತೆ. ಮಿಕ್ಸಿ ನಿಧಾನವಾಗಿ ತಿರುಗುತ್ತಿದೆ ಎಂದು ಅಮ್ಮ ಗೊಣಗುವ ಹೊತ್ತಿಗೆ ತಂತಿಯ ಹೊದಿಕೆ ಕರಗತೊಡಗಿರುತ್ತದೆ. 16 ಚದರ ಮಿಲಿಮೀಟರಿನ ತಂತಿ ಹಾಕಿದ್ದರೆ ಅದೇ ಶಾಖ 20 ವಾಟ್ ಆಸುಪಾಸಿಗೆ ಇಳಿಯುತ್ತಿತ್ತು. ಬೆಲೆಯಲ್ಲಿ ಆಗುವ ವ್ಯತ್ಯಾಸ ಇಡೀ ಗಾಡಿಯ ಬೆಲೆಯ ಎದುರು ಕಾಣುವಷ್ಟೂ ಇಲ್ಲ. ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಇರಬೇಕು ಎಂಬುದನ್ನೂ ಸೇರಿಸಿಕೊಳ್ಳಿ. ಫ್ಯೂಸ್ ತಂತಿಯ ಇನ್ನೊಂದು ತುದಿಯಲ್ಲಿದ್ದರೆ ನಡುವಿನ ತಂತಿಗೆ ಕಾವಲೇ ಇಲ್ಲ.

ಬಾಗಿಲು ಎಲ್ಲಿದೆ?

ಅಡುಗೆ ಅನಿಲ ಗಾಳಿಗಿಂತ ಭಾರ. ಅದರಲ್ಲಿರುವ ಪ್ರೊಪೇನ್ ಗಾಳಿಯ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ ಇರುತ್ತವೆ. ಸೋರಿದರೆ ಮೇಲೆ ಹೋಗದೆ ನೆಲದಲ್ಲಿ ನೀರಿನಂತೆ ನಿಲ್ಲುತ್ತದೆ. ಅದಕ್ಕೇ ಕ್ರಮಬದ್ಧವಾಗಿ ಕಟ್ಟಿದ ಕ್ಯಾರವಾನ್‌ನಲ್ಲಿ ಸಿಲಿಂಡರಿಗೆ ಹೊರಗಿನಿಂದ ತೆರೆಯುವ ಪ್ರತ್ಯೇಕ ಗೂಡು ಇರುತ್ತದೆ, ಗೂಡಿನ ತಳದಲ್ಲಿ ಅನಿಲ ಹೊರಹೋಗಲು ತೂತು ಇರುತ್ತದೆ. ಸೀಟಿನ ಕೆಳಗೆ ತುರುಕಿದ ಸಿಲಿಂಡರಿಗೆ ಇವೆರಡೂ ಇಲ್ಲ. 2023ರ ಆಗಸ್ಟ್ 26ರಂದು ಮಧುರೈಯಲ್ಲಿ ನಿಂತಿದ್ದ ಪ್ರವಾಸಿಗರ ರೈಲು ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತರು. ಲಖನೌದಿಂದ ಯಾತ್ರೆಗೆ ಬಂದಿದ್ದ ಅವರು ನಿಯಮ ಮೀರಿ ಗ್ಯಾಸ್ ಸಿಲಿಂಡರ್ ಒಯ್ದಿದ್ದರು. ಯಾತ್ರೆ, ಸಿಲಿಂಡರ್, ಮುಚ್ಚಿದ ಬೋಗಿ: ಕವಲಂದೆಯ ಬೆಳಗಿನ ಜಾವದ ನೋಟಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

2025ರ ಅಕ್ಟೋಬರ್ 14ರಂದು ರಾಜಸ್ಥಾನದ ಜೈಸಲ್ಮೇರ್ ಬಳಿ ಹವಾನಿಯಂತ್ರಿತ ಬಸ್ಸೊಂದು ಹೊತ್ತಿ ಉರಿದು ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾದಾಗ, ಮೊದಲು ಏಸಿ ಇಲ್ಲದ ಬಸ್ಸಾಗಿದ್ದ ಅದನ್ನು ಆಮೇಲೆ ಮಾರ್ಪಡಿಸಲಾಗಿತ್ತು ಎಂಬ ಸಂಗತಿ ದೇಶದಾದ್ಯಂತ ಚರ್ಚೆಗೆ ಬಂತು. ಹಾಗೆಂದು ಕಾರ್ಖಾನೆಯ ಮುದ್ರೆ ಬಿದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮ ಎಂದು ತಿಳಿಯುವುದೂ ಭೋಳೆತನ. 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಐಷಾರಾಮಿ ಬಸ್ಸು ಪಾಲೆಂ ಬಳಿ ಮೋರಿಗೆ ಬಡಿದು ಉರಿದಾಗ 45 ಜನ ಸತ್ತರು. ಅದು ಶೆಡ್ಡಿನಲ್ಲಿ ಕಟ್ಟಿದ ಬಸ್ಸಲ್ಲ. ಆದ್ದರಿಂದ ತಂದೆ ತಾಯಂದಿರು ಯಾವ ಗಾಡಿಯನ್ನೇ ನೋಡಲಿ, ಕೇಳಬೇಕಾದದ್ದು ಇಷ್ಟು: ಮಗ ಮಲಗುವ ಜಾಗದಿಂದ ಹೊರಗೆ ಹಾರಲು ಎರಡು ದಾರಿಗಳಿವೆಯೇ? ಮಂಚವೋ ಕಪಾಟೋ ತುರ್ತು ಬಾಗಿಲನ್ನು ಮುಚ್ಚಿದೆಯೇ? ಐದನೇ ತರಗತಿಯ ಹುಡುಗ ಕತ್ತಲಲ್ಲಿ ಆ ಚಿಲಕವನ್ನು ತಾನೇ ತೆಗೆಯಬಲ್ಲನೇ? ಒಮ್ಮೆ ದೀಪ ಆರಿಸಿ, ಅವನಿಂದಲೇ ತೆಗೆಸಿ ನೋಡಬೇಕು.

ಓಡುವ ಗಾಡಿಯಲ್ಲಿ ಮಂಚದ ಮೇಲೆ ಮಲಗುವ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಏನಕ್ಕೋ ಬಡಿದು ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ನಿಂತರೆ, ಒಳಗಿರುವ ಪ್ರತಿ ವಸ್ತುವೂ ತನ್ನ ತೂಕದ ಹದಿನಾಲ್ಕು ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 20 ಲೀಟರಿನ ನೀರಿನ ಕ್ಯಾನು ಆ ಗಳಿಗೆಯಲ್ಲಿ 280 ಕೆ.ಜಿ.ಯ ಬಂಡೆ. ಅಜ್ಜಿಯ ಸೀಟು ಎದುರಿಗಿದ್ದರೆ? ಸೀಟು ಬೆಲ್ಟಿನ ಕೊಂಡಿ ಕೂರುವ ಜಾಗ ಚಾಸಿಗೋ ಗಟ್ಟಿ ಚೌಕಟ್ಟಿಗೋ ಸೇರಿರಬೇಕಾದುದು ಇದಕ್ಕೇ. ಪ್ಲೈವುಡ್ ಪೆಟ್ಟಿಗೆಗೆ ಸ್ಕ್ರೂ ಹಾಕಿ ಬಿಗಿದ ಬೆಲ್ಟು ನೋಡಲು ಮಾತ್ರ ಬೆಲ್ಟು.

ಆರ್‌ಸಿ ಪುಸ್ತಕ ಏನು ಹೇಳುತ್ತದೆ

1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಸೆಕ್ಷನ್ ವಾಹನಗಳ ಮಾರ್ಪಾಡಿಗೆ ಸಂಬಂಧಿಸಿದ್ದು. ತಯಾರಕರು ನಿಗದಿ ಮಾಡಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ಹೊಂದಿಕೆ ತಪ್ಪುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ ಎಂಬುದು ಅದರ ಸಾರ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಮತ್ತೊಮ್ಮೆ ಖಚಿತವಾಗಿ ಹೇಳಿತು. ಅದೇ ವರ್ಷ ಸಂಸತ್ತು ಒಪ್ಪಿದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಬಹುದೆಂದು ಸೇರಿಸಲಾಯಿತು. ಪ್ರಯಾಣಿಕರ ವ್ಯಾನ್ ಎಂದು ನೋಂದಾಯಿಸಿ, ಆಮೇಲೆ ಸೀಟು ಕಿತ್ತು ಮಂಚ ಹಾಕಿಸಿದರೆ ಈ ತೊಡಕಿಗೆ ನೇರವಾಗಿ ತಲೆ ಕೊಟ್ಟಂತೆ. ಅಪಘಾತವಾದ ದಿನ ವಿಮಾ ಕಂಪನಿಯವರು ಮೊದಲು ನೋಡುವುದೂ ಆರ್‌ಸಿಯನ್ನೇ.

ನಮ್ಮ ದೇಶದಲ್ಲಿ ಬಸ್ಸಿನ ಬಾಡಿಗೆ ಎಐಎಸ್ 052, ಮಲಗುವ ಬಸ್ಸಿಗೆ 119, ಶಾಲಾ ಬಸ್ಸಿಗೆ 063, ಕ್ಯಾರವಾನ್‌ಗೆ 124 ಎಂಬ ಪ್ರತ್ಯೇಕ ಮಾನದಂಡಗಳಿವೆ. ಒಂದು ಮಾದರಿಯನ್ನು ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆ ಪರಿಶೀಲಿಸಿ ಪ್ರಮಾಣಪತ್ರ ಕೊಟ್ಟ ಮೇಲೆ ಅದೇ ಮಾದರಿಯ ಗಾಡಿಗಳನ್ನು ಕಟ್ಟಬಹುದು. ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು ಆಗಿದ್ದರೆ 22-ಎ ಎಂಬ ನಮೂನೆಯಲ್ಲಿ ಇಬ್ಬರೂ ತಮ್ಮ ತಮ್ಮ ಭಾಗಕ್ಕೆ ಸಹಿ ಹಾಕಬೇಕು. ಡೀಲರ್ “ನಮ್ಮ ಕಡೆಯವರು” ಎಂದಾಗ ಅಪ್ಪ ಕೇಳಬೇಕಾದ ಮೊದಲ ಮಾತು ಇದು: ನಿಮ್ಮ ಕಡೆಯವರ ಹೆಸರಿನಲ್ಲಿ ಈ ಮಾದರಿಗೆ ಪ್ರಮಾಣಪತ್ರ ಇದೆಯೇ, ನೋಂದಣಿಗೆ ಮುಂಚೆಯೇ ಕೆಲಸ ಮುಗಿಸಿ ಕ್ಯಾರವಾನ್ ಎಂದೇ ಆರ್‌ಸಿ ಮಾಡಿಸಿಕೊಡುತ್ತೀರಾ? ಹೌದೆಂದರೆ ಆ ಡೀಲರ್ ಕಾರ್ಖಾನೆಗೆ ಸಮಾನವೇ. ಕಾಗದ ತೋರಿಸದೆ “ಅದೆಲ್ಲ ನಾವು ನೋಡ್ಕೋತೀವಿ” ಎಂದರೆ ಅಲ್ಲಿಂದ ಎದ್ದು ಬರುವುದು ಮೇಲು.

ಅದರ ಜೊತೆಗೇ ಇನ್ನೆರಡು ವಿಚಾರಿಸಿಕೊಳ್ಳಬೇಕು. ತಂತಿಗಳ ನಕ್ಷೆಯ ಒಂದು ಪ್ರತಿ ಸಿಗುತ್ತದೆಯೇ? ಕಂಪನಿಯ ಮೂಲ ತಂತಿಯನ್ನು ಕತ್ತರಿಸಿ ಅದಕ್ಕೆ ಬೆಸೆದ ಮೇಲೆ ಇಂಜಿನ್ನಿನ ವಾರಂಟಿ ಯಾರ ಹೊಣೆ? ಉತ್ತರಗಳು ಬಾಯಿಮಾತಿನಲ್ಲಿ ಇರಬಾರದು, ಬಿಲ್ಲಿನ ಮೇಲೆ ಬರೆದಿರಬೇಕು.

ಕಳಚಿಡಬಹುದಾದ ಮನೆ

ಇಷ್ಟು ಹೇಳಿದ ಮೇಲೆ ಕಾರ್ಖಾನೆಯ ಪರವಾಗಿಯೇ ತೀರ್ಪು ಎಂದು ಓದುಗರು ಭಾವಿಸಬಹುದು. ಅದೂ ಪೂರ್ತಿ ನ್ಯಾಯವಲ್ಲ. ಕಾರ್ಖಾನೆಯ ಮಾದರಿಗಳು ಬಹುಪಾಲು ಬೇರೆಯವರ ಜೀವನಕ್ರಮಕ್ಕೆ ಹೊಲಿದ ಅಂಗಿಗಳು. ಒಗ್ಗರಣೆಯ ಹೊಗೆ ಹೋಗಲು ಅವುಗಳಲ್ಲಿ ಸಾಕಷ್ಟು ದಾರಿ ಇರುವುದಿಲ್ಲ, ಮೊಣಕಾಲು ನೋವಿನ ಅಜ್ಜಿಗೆ ಮೆಟ್ಟಿಲು ಎತ್ತರವಾಗಿರುತ್ತದೆ, ಕಾಲು ಮಡಿಚಿ ಕೂತು ಊಟ ಮಾಡಲು ನೆಲದಲ್ಲಿ ಜಾಗವೇ ಇರುವುದಿಲ್ಲ. ಬುಕಿಂಗ್ ಆದ ಮೇಲೆ ಬದಲಾಯಿಸುವಂತಿಲ್ಲ. ನೀರಿನ ಪಂಪು ಕೆಟ್ಟರೆ ದೂರದ ಊರಿನಿಂದ ಬಿಡಿಭಾಗ ಬರುವವರೆಗೆ ಗಾಡಿ ಅಂಗಳದಲ್ಲಿ ನಿಲ್ಲುತ್ತದೆ. ಊರಿನ ಮೇಸ್ತ್ರಿಯಾದರೆ ಸಂಜೆಯೊಳಗೆ ಸರಿ ಮಾಡಿ ಕಾಫಿ ಕುಡಿದು ಹೋಗುತ್ತಾನೆ.

ಅಮೆರಿಕದ ವಿನ್ನೆಬಾಗೊ ಕಂಪನಿ 1966ರಿಂದ ಮೋಟಾರ್ ಹೋಂಗಳನ್ನು ಸಾಲಾಗಿ ಒಂದೇ ಅಚ್ಚಿನಲ್ಲಿ ತಯಾರಿಸತೊಡಗಿ ಅಗ್ಗ ಮಾಡಿತು. ಆದರೆ ಅದಕ್ಕೂ ಹದಿನೈದು ವರ್ಷ ಹಿಂದೆ ಜರ್ಮನಿಯ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ ಇನ್ನೊಂದು ದಾರಿ ಕಂಡುಕೊಂಡಿತ್ತು. 1951ರಲ್ಲಿ ಅದು ಫೋಕ್ಸ್‌ವ್ಯಾಗನ್ ವ್ಯಾನಿಗೆಂದು ಒಂದು ಪೆಟ್ಟಿಗೆಯನ್ನು ಮಾಡಿತು. ರಜೆಯಲ್ಲಿ ಪೆಟ್ಟಿಗೆಯನ್ನು ಒಳಗಿಟ್ಟರೆ ಹಾಸಿಗೆ, ಮೇಜು, ಕಪಾಟು. ರಜೆ ಮುಗಿದ ಮೇಲೆ ಇಳಿಸಿದರೆ ಮತ್ತೆ ದುಡಿಯುವ ವ್ಯಾನು. ನಮ್ಮ ಮಧ್ಯಮ ವರ್ಗದ ಜೇಬಿಗೆ ಹೊಂದುವ ಉಪಾಯ ಇದೇ ಏನೋ.

ಈ ಪೆಟ್ಟಿಗೆಯೇ ಒಂದು ಅಳತೆಗೋಲನ್ನೂ ಕೊಡುತ್ತದೆ. ಉಪಕರಣವಿಲ್ಲದೆ ಕೈಯಿಂದ ತೆಗೆದು ಮನೆಯೊಳಗೆ ಇಡಬಹುದಾದದ್ದನ್ನು ಆಮೇಲೆ, ಅಗ್ಗವಾಗಿ, ಹತ್ತಿರದಲ್ಲೇ ಮಾಡಿಸಬಹುದು: ಪರದೆ, ಹಾಸಿಗೆ, ಮಡಿಚುವ ಮೇಜು, ಸೊಳ್ಳೆ ಪರದೆ, ಗಾಡಿಯಿಂದ ಇಳಿಸಿ ಬಯಲಲ್ಲಿ ಹಚ್ಚುವ ಒಲೆ. ಕೊರೆಯಬೇಕಾದದ್ದು, ಬೆಸೆಯಬೇಕಾದದ್ದು, ಗೋಡೆಯೊಳಗೆ ಅಡಗುವಂಥದ್ದು, ಓಡುವಾಗ ಮನುಷ್ಯರ ಭಾರ ಹೊರುವಂಥದ್ದು, ಇವನ್ನೆಲ್ಲ ಗಾಡಿ ಕೈಗೆ ಬರುವ ಮೊದಲೇ ನಕ್ಷೆಯ ಮೇಲೆ ತೀರ್ಮಾನಿಸಿರಬೇಕು. ಕ್ಯಾರವಾನ್ ಕನಸೇ ಇಲ್ಲದ ತಂದೆ ತಾಯಂದಿರಿಗೂ ಈ ಅಳತೆಗೋಲು ದಿನವೂ ಉಪಯೋಗಕ್ಕೆ ಬರುತ್ತದೆ. ಮಕ್ಕಳನ್ನು ಹೊತ್ತೊಯ್ಯುವ ಶಾಲಾ ವ್ಯಾನಿನಲ್ಲಿ ಆಮೇಲೆ ಬೆಸೆದ ಬೆಂಚು ಇದೆಯೇ ಎಂದು ನಾಳೆ ಬೆಳಿಗ್ಗೆ ಒಮ್ಮೆ ಬಗ್ಗಿ ನೋಡಬಹುದು.

ತೂಕದ ಚೀಟಿ

ಗಾಡಿ ಎಲ್ಲೇ ತಯಾರಾಗಲಿ, ಯಾತ್ರೆಯ ದಿನದಂತೆಯೇ ಜನ ಮತ್ತು ಸಾಮಾನು ತುಂಬಿಸಿ, ಲಾರಿ ತೂಗುವ ವೇಬ್ರಿಡ್ಜಿಗೆ ಒಯ್ಯುವುದು ಒಳ್ಳೆಯದು. ಖರ್ಚು ಅಲ್ಪ. ಮೊದಲು ಮುಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಒಂದು ಚೀಟಿ, ಆಮೇಲೆ ಇಡೀ ಗಾಡಿಯನ್ನು ನಿಲ್ಲಿಸಿ ಇನ್ನೊಂದು. ಕಳೆದರೆ ಹಿಂದಿನ ಅಚ್ಚಿನ ಭಾರ.

ನಮ್ಮ ಕುಟುಂಬದ ಮೊದಲ ಚೀಟಿ 1340, ಎರಡನೆಯದು 3410 ಎಂದು ತೋರಿಸಿತು ಎಂದುಕೊಳ್ಳೋಣ. ಒಟ್ಟು ಮಿತಿ 3500, ಅಪ್ಪನಿಗೆ ಸಮಾಧಾನ. ಮಗಳು ಕಳೆದು ನೋಡುತ್ತಾಳೆ: ಹಿಂದಿನ ಅಚ್ಚಿನ ಮೇಲೆ 2070. ಆ ಅಚ್ಚಿಗೆ ಕಂಪನಿ ಕೊಟ್ಟ ಮಿತಿ 2000 ಎಂದಿದ್ದರೆ, ಒಟ್ಟು ತೂಕ ಸರಿಯಿದ್ದೂ ಹಿಂದಿನ ಟೈರುಗಳಿಗೆ 70 ಕೆ.ಜಿ. ಹೆಚ್ಚಾಯಿತು. ಕಾರಣ ಹುಡುಕಿದರೆ, 120 ಲೀಟರಿನ ನೀರಿನ ಟ್ಯಾಂಕು ಹಿಂದಿನ ಅಚ್ಚಿನಿಂದ ಒಂದು ಮೀಟರ್ ಆಚೆಗಿದೆ. ಅಲ್ಲಿದ್ದಾಗ ಅದು ಹಿಂದಿನ ಅಚ್ಚಿನ ಮೇಲೆ ಹೇರುವುದು 154 ಕೆ.ಜಿ.; ಎರಡು ಅಚ್ಚುಗಳ ನಟ್ಟನಡುವೆ ತಂದರೆ ಬರೀ 60. ನಕ್ಷೆಯಲ್ಲಾಗಿದ್ದರೆ ರಬ್ಬರಿನಿಂದ ಉಜ್ಜಿ ಮತ್ತೆ ಗೆರೆ ಎಳೆದರೆ ಮುಗಿಯುತ್ತಿತ್ತು. ಈಗ ಮಂಚ ಕೀಳಬೇಕು, ಕೊಳವೆ ಬಿಚ್ಚಬೇಕು, ನೆಲ ಕೊರೆಯಬೇಕು. ಮೇಸ್ತ್ರಿ ಮತ್ತೆ ನಾಲ್ಕು ದಿನ ಕೇಳುತ್ತಾನೆ. ನಾಲ್ಕು ದಿನ ಕಳೆದು ಮತ್ತೆ ತೂಗಿದಾಗ ಹಿಂದಿನ ಅಚ್ಚು 1976ಕ್ಕೆ ಇಳಿದಿರುತ್ತದೆ. ಉಳಿದ 24 ಕೆ.ಜಿ.ಯಲ್ಲಿ ಅಜ್ಜಿಯ ಉಪ್ಪಿನಕಾಯಿ ಜಾಡಿಗೆ ಜಾಗವುಂಟು.